ನನ್ನ ಕಿವಿ… ನನ್ನನ್ನೇ ಕೇಳಿ!

"ಏನು? ಕೇಳಿಸ್ತಿಲ್ಲ! ಜೋರಾಗಿ ಹೇಳಿ ಮೇಡಂ!"

ಸೌಂಡ್ ಮಿಕ್ಸರ್ ಹಿಂದೆ ನಿಂತಿದ್ದ ಯುವಕ ಕಿವಿಗೆ ಅಂಗೈ ಅಡ್ಡ ಹಿಡಿದು ಕೂಗುತ್ತಿದ್ದ. ಎದುರಿಗೆ ನಿಂತಿದ್ದ ಮೈತ್ರೇಯಿಗೆ ಅಷ್ಟು ಸಿಟ್ಟಿನಲ್ಲೂ ನಗು ಬರುವಂತಾಯಿತು. ಇಷ್ಟು ವರ್ಷ ಊರಿಗೆಲ್ಲ ಈ ಮಾತು ಹೇಳಿಕೊಂಡು ಬಂದವಳು ತಾನು. ಇವತ್ತು ಬೇರೊಬ್ಬರು ತನಗೇ ಹೇಳುತ್ತಿದ್ದಾರೆ!

ಚಾಮರಾಜಪೇಟೆಯ ಆ ರಸ್ತೆಯಲ್ಲಿ ರಾಜ್ಯೋತ್ಸವದ ಆರ್ಕೆಸ್ಟ್ರಾ. ಆಳೆತ್ತರದ ಸ್ಪೀಕರ್ ಡಬ್ಬಗಳು ಅವಳ ಮನೆಯ ಗೇಟಿಗೇ ಆತುಕೊಂಡು ನಿಂತಿದ್ದವು. ಕೆಲಸ ಮುಗಿಸಿ ಬಂದವಳು ರಸ್ತೆ ತಿರುಗುತ್ತಿದ್ದಂತೆ ಎರಡೂ ಕಿವಿಯ ಹಿಯರಿಂಗ್ ಏಡ್ ಕಿರುಚಿಕೊಂಡಿದ್ದವು. ಕಿತ್ತು ಮುಷ್ಟಿಯಲ್ಲಿ ಹಿಡಿದಿದ್ದಳು. ಅವಿಲ್ಲದೆ ಲೋಕವೆಲ್ಲ ನೀರಿನೊಳಗೆ ಮುಳುಗಿದ ಹಾಗೆ. ಆದರೂ ಡ್ರಮ್ಮಿನ ಪೆಟ್ಟು ಮಾತ್ರ ಎದೆಗೂಡಿಗೇ ಬಂದು ಬೀಳುತ್ತಿತ್ತು.

"ಆ ಡಬ್ಬ ತಿರುಗಿಸಿ! ಒಳಗೆ ನಮ್ಮಮ್ಮಂಗೆ ಹುಷಾರಿಲ್ಲ!"

ಅವನು ತಲೆಯಾಡಿಸಿದ. ಅವನ ತುಟಿ ಅವಳಿಗೆ ಸ್ಪಷ್ಟವಾಗಿ ಓದಲು ಸಿಕ್ಕಿತು. 'ಆಮೇಲೆ ಬನ್ನಿ, ಹಾಡು ನಡೀತಿದೆ.'

ಅಷ್ಟೇ! ಮೈತ್ರೇಯಿ ಕೈ ಚಾಚಿ, ಎಲ್ಲಕ್ಕಿಂತ ದೊಡ್ಡದಾಗಿದ್ದ ಕೆಂಪು ಜಾರುಗುಂಡಿಯನ್ನು ಕೆಳಕ್ಕೆ ಎಳೆದುಬಿಟ್ಟಳು.

ಇಡೀ ರಸ್ತೆ ಸ್ತಬ್ಧ. ವೇದಿಕೆಯ ಮೇಲಿದ್ದ ಗಾಯಕನ ಬಾಯಿ ತೆರೆದಂತೆಯೇ ಇತ್ತು. ಕುರ್ಚಿಗಳಲ್ಲಿದ್ದವರೆಲ್ಲ ಹಿಂದಕ್ಕೆ ತಿರುಗಿದರು.

"ಯಾರ್ರೀ ನೀವು?" ಯುವಕನ ಕಣ್ಣು ಕೆಂಪಾದವು.

"ಈ ಮನೆಯವಳು." ಅವಳು ಗೇಟಿನ ಕಡೆ ಕೈ ತೋರಿಸಿದಳು. "ಎರಡು ನಿಮಿಷ ನಿಮಗೆ ಕಿವಿ ಕೇಳಿಸ್ಲಿಲ್ಲ, ಎಷ್ಟು ಪೇಚಾಡಿದ್ರಿ ನೋಡಿ! ನಾನು ದಿನಾ ಹೀಗೇ ಬದುಕ್ತೀನಿ."

ಮುಷ್ಟಿ ಬಿಚ್ಚಿದಳು. ಅಂಗೈಯಲ್ಲಿ ಎರಡು ಪುಟ್ಟ ಯಂತ್ರಗಳು, ಹುಣಸೆ ಬೀಜದಷ್ಟು. ಅವನ ಮುಖದ ಬಣ್ಣವೇ ಇಳಿದುಹೋಯಿತು. ಏನೋ ಅಂದ, ತೀರಾ ಮೆಲ್ಲಗೆ. ತಲೆ ತಗ್ಗಿಸಿಕೊಂಡಿದ್ದರಿಂದ ತುಟಿಯೂ ಕಾಣಲಿಲ್ಲ. ಅವಳು ಗೇಟು ತೆಗೆದು ಒಳಗೆ ಹೋದಳು. ಹಾಡು ಮತ್ತೆ ಶುರುವಾದಾಗ ಡಬ್ಬಗಳು ಮೈದಾನದ ಕಡೆ ಮುಖ ಮಾಡಿದ್ದವು.

ಮರುದಿನ ಬೆಳಿಗ್ಗೆ ಬಾಗಿಲು ತಟ್ಟಿದ್ದು ಅವನೇ. ತೆರೆದವರು ಮೈತ್ರೇಯಿಯ ತಾಯಿ ರಂಗನಾಯಕಿ; ರಾತ್ರಿಯ ತಲೆನೋವು ಬೆಳಗಾಗುವಷ್ಟರಲ್ಲಿ ಇಳಿದಿತ್ತು. ತಂದೆ ರಾಮಾನುಜ ತೀರಿಕೊಂಡ ಮೇಲೆ ಆ ಮನೆಯಲ್ಲಿ ತಾಯಿ ಮಗಳು ಇಬ್ಬರೇ.

"ನಾನು ಲಿಖಿತ್ ಅಂತ. ನೆನ್ನೆ ಸೌಂಡ್ ನಮ್ದೇ ಅಮ್ಮ. ವಿಶ್ವೇಶ್ವರಪುರಂನಲ್ಲಿ ನಮ್ಮ ತಂದೆ ಪುಟ್ಟಯ್ಯ ಅವ್ರು ಶುರು ಮಾಡಿದ್ದ ಮೈಕ್‌ಸೆಟ್ ಅಂಗಡಿ, ಈಗ ನಾನು ನೋಡ್ಕೋತಿದೀನಿ. ಸಾರಿ ಕೇಳೋಣ ಅಂತ ಬಂದೆ…" ಕೈಯಲ್ಲಿ ಬೆಣ್ಣೆ ಬಿಸ್ಕತ್ತಿನ ಪೊಟ್ಟಣವಿತ್ತು.

ರಂಗನಾಯಕಿಗೆ ಬಿಸ್ಕತ್ತು ತಂದವರ ಮೇಲೆ ಸಿಟ್ಟು ಮಾಡಿಕೊಂಡು ಅಭ್ಯಾಸವಿಲ್ಲ. "ಬನ್ನಿ ಒಳಗೆ, ಕಾಫಿ ಕುಡ್ಕೊಂಡ್ ಹೋಗಿ" ಅಂದರು.

ಊಟದ ಮೇಜಿನ ಮುಂದೆ ಮೈತ್ರೇಯಿ ಕೂತಿದ್ದಳು. ತೆರೆದ ಲ್ಯಾಪ್‌ಟಾಪ್, ಪಕ್ಕದಲ್ಲಿ ಬೆಂಕಿಪೊಟ್ಟಣದಂಥ ಕಪ್ಪು ಸಾಧನ, ಅದರಲ್ಲಿ ನೀಲಿ ದೀಪ ಮಿಣುಕುತ್ತಿತ್ತು. ಅವಳು ಚಮಚದಿಂದ ಸ್ಟೀಲ್ ಲೋಟಕ್ಕೆ ಟಿಣ್ ಎಂದು ಹೊಡೆಯುವಳು, ಮುಖ ಕಿವುಚುವಳು, ಪರದೆಯ ಮೇಲಿನ ಗೆರೆಯೊಂದನ್ನು ಚೂರು ಇಳಿಸುವಳು, ಮತ್ತೆ ಹೊಡೆಯುವಳು.

ಲಿಖಿತ್ ಸಾರಿ ಕೇಳಲು ಬಂದದ್ದನ್ನೇ ಮರೆತ. "ಇದು… ಈಕ್ವಲೈಜರ್ ಅಲ್ವಾ? ನಮ್ಮ ಮಿಕ್ಸರ್‌ನಲ್ಲಿ ಸದ್ದು ಹದ ಮಾಡೋದು?"

"ಅದರ ತಂಗಿ ಅನ್ಕೊಳ್ಳಿ." ಅವಳು ತಲೆಯೆತ್ತಲಿಲ್ಲ. "ನನ್ನ ಹಿಯರಿಂಗ್ ಏಡ್‌ನ ನಾನೇ ಪ್ರೋಗ್ರಾಂ ಮಾಡ್ಕೋತಿದೀನಿ."

"ಮನೇಲೇನಾ! ಕ್ಲಿನಿಕ್‌ನಲ್ಲಿ ಮಾಡ್ಕೊಡಲ್ವಾ?"

ಆಗ ಮೈತ್ರೇಯಿ ಕುರ್ಚಿ ತಿರುಗಿಸಿ ಕೂತಳು. ಯಾರೂ ಕೇಳದ ಪ್ರಶ್ನೆ ಅದು. ಕೇಳಿದವರೂ ಉತ್ತರಕ್ಕೆ ಕಾಯುತ್ತಿರಲಿಲ್ಲ. ಇವನು ಕಾಯುತ್ತಿದ್ದ.

"ಮಾಡ್ಕೊಡ್ತಾರೆ. ಒಂದು ನಿಶ್ಶಬ್ದದ ಕೋಣೇಲಿ ಕೂರಿಸಿ, ಸರಿಯಾಗಿದೆಯಾ ಅಂತಾರೆ. ಅಲ್ಲಿ ಎಲ್ಲಾ ಸರಿಯಾಗೇ ಇರುತ್ತೆ! ನಾನು ಕೆಲಸ ಮಾಡೋದು ಸುಲ್ತಾನ್‌ಪೇಟೆಲಿ, ಲಗ್ನಪತ್ರಿಕೆ ಅಂಗಡೀಲಿ. ಅಲ್ಲಿ ಪ್ರಿಂಟಿಂಗ್ ಮಿಷನ್, ಹಾರ್ನು, ಗಿರಾಕಿಗಳ ಜಗಳ… ಅಲ್ಲಿಗೆ ಹೋದ ತಕ್ಷಣ ಕಾಗದ ಸರಿಸಿದ್ರೂ ಚಾಕು ಹಾಕಿದಂಗೆ ಆಗುತ್ತೆ, ಮಾತು ಮಾತ್ರ ಕೇಳಿಸಲ್ಲ. ಮತ್ತೆ ಅಪಾಯಿಂಟ್ಮೆಂಟ್, ಮತ್ತೆ ರಜಾ. 'ಅಭ್ಯಾಸ ಆಗುತ್ತೆ ಬಿಡಿ' ಅಂತಾರೆ. ಅವರ ಕಿವಿ ಅಲ್ವಲ್ಲ!"

"ಅದಕ್ಕೆ?"

"ಅದಕ್ಕೆ ಈ ಸಾಧನ ತರಿಸ್ಕೊಂಡೆ. ಇದು ಲ್ಯಾಪ್‌ಟಾಪಿಗೂ ಏಡ್‌ಗೂ ಮಾತಾಡಿಸುತ್ತೆ. ನನ್ನ ಥರದವರು ಎಷ್ಟೋ ಜನ ಇಂಟರ್ನೆಟ್‌ನಲ್ಲಿ ಒಬ್ಬರಿಗೊಬ್ಬರು ಕಲಿಸ್ತಾರೆ. ಮೊದಲು ಹಳೇ ಸೆಟ್ಟಿಂಗ್ ಒಂದು ಕಾಪಿ ಇಟ್ಕೋಬೇಕು. ಆಮೇಲೆ ಒಂದು ಸಲಕ್ಕೆ ಒಂದೇ ಗೆರೆ, ಚೂರೇ ಚೂರು."

ಇಪ್ಪತ್ತರ ವಯಸ್ಸಿನಲ್ಲಿ ಬಂದ ಒಂದು ಜ್ವರ ಅವಳ ಕಿವಿಯನ್ನು ಅರ್ಧಕ್ಕರ್ಧ ತೆಗೆದುಕೊಂಡು ಹೋಗಿತ್ತು. ಈಗ ಮೂವತ್ತು ದಾಟಿದೆ. ಈ ಹತ್ತು ವರ್ಷದಲ್ಲಿ ಅವಳ ಕಿವಿಯ ವಿಷಯವನ್ನು ಒಬ್ಬ ಗಂಡಸು ಇಷ್ಟು ಆಸಕ್ತಿಯಿಂದ ಕೇಳಿದ್ದು ಇದೇ ಮೊದಲು. ಅವನ ಕಣ್ಣಲ್ಲಿ ಅಯ್ಯೋ ಪಾಪ ಅನ್ನುವುದು ಒಂದಿಷ್ಟೂ ಇರಲಿಲ್ಲ.

"ಮೇಡಂ, ನಾನು ದಿನಾ ಸಾವಿರ ಜನರ ಕಿವಿಗೆ ಇದೇ ಕೆಲಸ ಮಾಡ್ತೀನಿ, ಆದ್ರೆ ಒಬ್ಬರನ್ನೂ ಕೇಳಿ ಮಾಡಿಲ್ಲ. ನಿಮಗೆ ಟೆಸ್ಟ್ ಮಾಡೋಕೆ ಶಬ್ದ ಬೇಕಲ್ವಾ? ನಾನು ತರ್ತೀನಿ!"

ಅಂದಿನಿಂದ ಭಾನುವಾರಗಳಿಗೆ ಒಂದು ರೂಪ ಬಂತು. ಲಿಖಿತ್ ಶಬ್ದ ಹೊತ್ತು ಬರುತ್ತಿದ್ದ. ಒಂದು ವಾರ ಪ್ಲಾಸ್ಟಿಕ್ ಕವರು, ಇನ್ನೊಂದು ವಾರ ಗೆಜ್ಜೆ, ಮತ್ತೊಂದು ವಾರ ಹಳೇ ಆಟೋದ ರಬ್ಬರ್ ಹಾರ್ನು. ರಂಗನಾಯಕಿ ಒಗ್ಗರಣೆ ಹಾಕುವಾಗ "ಅಮ್ಮ, ಇನ್ನೊಂದ್ಸಲ ಸಾಸಿವೆ ಸಿಡಿಸಿ!" ಎಂದು ಕೂಗುತ್ತಿದ್ದ. ಒಮ್ಮೊಮ್ಮೆ ಲ್ಯಾಪ್‌ಟಾಪ್ ಎತ್ತಿಕೊಂಡು ಗಾಂಧಿ ಬಜಾರಿನ ಹೂವಿನ ಸಾಲಿಗೋ, ವಿಶ್ವೇಶ್ವರಪುರಂನ ತಿಂಡಿ ಬೀದಿಗೋ ಇಬ್ಬರೂ ಹೋಗುವರು. ಕಾದ ಹಂಚಿನ ಮೇಲೆ ದೋಸೆ ಚುರ್ ಎನ್ನುವ ಪಕ್ಕದಲ್ಲಿ ನಿಂತು ಅವಳು ಗೆರೆ ಇಳಿಸುವಳು, ಏರಿಸುವಳು. ಅವನು ದೂರ ದೂರ ಹೋಗಿ ನಿಂತು ಮಾತಾಡುವನು.

"ಇಲ್ಲಿಂದ ಕೇಳಿಸ್ತಾ?"

"ಕೇಳಿಸ್ತು!"

"ಏನಂದೆ?"

"'ಅವರೆಕಾಳು ದೋಸೆ ಇನ್ನೊಂದು ಬೇಕು' ಅಂದ್ರಿ!"

"ಅಂದಿದ್ದು 'ಅವಳ ಕಾಲು ದಾಸರ ಮೇಲಿದೆ' ಅಂತ!"

"ಸುಳ್ಳು!" ಅವಳು ನಕ್ಕಳು. ಯಾರಿಗೆ ಕೇಳಿಸೀತೋ, ಎಷ್ಟು ಜೋರಾಯಿತೋ ಎಂದು ಲೆಕ್ಕ ಹಾಕದೆ ನಕ್ಕು ಎಷ್ಟು ಕಾಲವಾಗಿತ್ತು…

ಮಾತಿನ ಪರೀಕ್ಷೆಗೆ ಅವಳು ಅಂಗಡಿಯ ಹಳೆಯ ಲಗ್ನಪತ್ರಿಕೆಗಳನ್ನು ಕೊಡುತ್ತಿದ್ದಳು. ತುಟಿ ಓದಬಾರದೆಂದು ಬೆನ್ನು ತಿರುಗಿಸಿ ಕೂರುತ್ತಿದ್ದಳು. ಅವನು ಹಿಂದೆ ನಿಂತು ಓದುವನು: ಶುಭಮುಹೂರ್ತ, ಬಂಧುಮಿತ್ರರು, ಆಗಮನಾಭಿಲಾಷಿಗಳು. ಅವಳು ಕೇಳಿಸಿದ್ದನ್ನು ಹೇಳಬೇಕು. ಬರಬರುತ್ತಾ ಅವನ ದನಿಯೊಳಗಿನ ಸಣ್ಣ ಒರಟು, ವಾಕ್ಯದ ಕೊನೆಯಲ್ಲಿ ಇಳಿಯುವ ರೀತಿ, ಓದುವ ಮುಂಚೆ ಎಳೆದುಕೊಳ್ಳುವ ಉಸಿರು ಎಲ್ಲವೂ ಅವಳಿಗೆ ಗೊತ್ತಾಗಿಹೋಯಿತು. ರಾತ್ರಿ ಏಡ್ ಕಳಚಿಟ್ಟ ಮೇಲೂ ಆ ದನಿ ಒಳಗೆಲ್ಲೋ ಓದುತ್ತಲೇ ಇರುತ್ತಿತ್ತು.

'ಇದೇನಾಗ್ತಿದೆ ನನಗೆ? ಅವನು ಸಹಾಯ ಮಾಡೋಕೆ ಬರ್ತಾನೆ ಅಷ್ಟೇ. ನಾನು ಏನೇನೋ ಕೇಳಿಸ್ಕೋಬಾರದು…'

ಮಾಘದಲ್ಲಿ ಮೈತ್ರೇಯಿಯ ಚಿಕ್ಕಪ್ಪನ ಮಗಳು ಧೃತಿಯ ನಿಶ್ಚಿತಾರ್ಥ ಗೊತ್ತಾಯಿತು. ಮಲ್ಲೇಶ್ವರಂನ ಒಂದು ಛತ್ರದಲ್ಲಿ. ನೆಂಟರೆಲ್ಲ ಬರುತ್ತಾರೆ. ಆ ಗದ್ದಲದಲ್ಲಿ ಒಂದು ಮಾತೂ ತಪ್ಪಬಾರದೆಂಬ ಹಟ ಅವಳಿಗೆ. ಗೆರೆಗಳನ್ನೆಲ್ಲ ಏರಿಸುತ್ತಾ ಹೋದಳು. ಎಲ್ಲಕ್ಕಿಂತ ಮೇಲೊಂದು ಗೆರೆಯಿತ್ತು. ಎಂಥ ಶಬ್ದ ಬಂದರೂ ಇದಕ್ಕಿಂತ ಜೋರಾಗಿ ಕಿವಿಗೆ ಹೋಗಬಾರದು ಎನ್ನುವ ಮಿತಿಯ ಗೆರೆ. ಅದನ್ನೂ ಏರಿಸಿದಳು.

"ಅದು ಬೇಡ ಅನ್ಸುತ್ತೆ," ಎಂದ ಲಿಖಿತ್. "ನಾನು ನೋಡಿದೀನಿ. ದೊಡ್ಡ ಸ್ಪೀಕರ್ ಮುಂದೆ ನಿಂತೂ ನಿಂತೂ ಕಿವಿ ಕಳ್ಕೊಂಡವರನ್ನ."

"ಇಳಿಸೋದು ಬೇಡ. ನನ್ನ ಕಿವಿ ನನಗೆ ಗೊತ್ತು ಲಿಖಿತ್."

ಅಷ್ಟರಲ್ಲಿ ಹೂವಿನವಳು ಕೂಗಿದಳೆಂದು ರಂಗನಾಯಕಿ ಮಗಳನ್ನು ಹೊರಗೆ ಕರೆದರು. ಏಡುಗಳು ಮೇಜಿನ ಮೇಲಿದ್ದವು. ನೀಲಿ ದೀಪ ಮಿಣುಕುತ್ತಿತ್ತು.

ಲಿಖಿತ್ ಪರದೆಯನ್ನೇ ನೋಡುತ್ತಾ ಕೂತ. ಆಮೇಲೆ ಕೈ ಚಾಚಿದ.

ನಿಶ್ಚಿತಾರ್ಥದ ದಿನ ನಾದಸ್ವರ ಶುರುವಾದದ್ದೇ ತಡ, ಮೈತ್ರೇಯಿಗೆ ಎಲ್ಲವೂ ಕಂಬಳಿ ಹೊದ್ದ ಹಾಗೆ ಕೇಳಿಸತೊಡಗಿತು. ಮಾತುಗಳು ಒಂದರೊಳಗೊಂದು ಕಲಸಿಹೋದವು. ಏನಾಯಿತು? ಮನೆಯಲ್ಲಿ ಸರಿಯಿತ್ತಲ್ಲ! ನಗು ತೊಟ್ಟುಕೊಂಡು ಎಲ್ಲರಿಗೂ ತಲೆಯಾಡಿಸುತ್ತಾ ಓಡಾಡಿದಳು.

ಕಂಬದ ಪಕ್ಕದಲ್ಲಿ ದೂರದ ಅತ್ತೆಯೊಬ್ಬರು ಅವಳ ಕೈ ಹಿಡಿದುಕೊಂಡು ಏನೋ ಹೇಳಿದರು. ಸೆರಗು ಬಾಯಿಗೆ ಅಡ್ಡವಿತ್ತು. 'ನಮ್ಮವರು… ಹೋದ್ರು…' ಅಷ್ಟು ಮಾತ್ರ ಸಿಕ್ಕಿತು. ಎಲ್ಲಿಗೋ ಪ್ರವಾಸ ಹೋಗಿದ್ದಾರೆ ಅಂದುಕೊಂಡಳು.

"ಓ, ತುಂಬಾ ಸಂತೋಷ ಅತ್ತೆ!" ಎಂದಳು ನಗುತ್ತಾ.

ಅತ್ತೆಯ ಮುಖ ಕಲ್ಲಾಯಿತು. ಪಕ್ಕದಲ್ಲಿದ್ದವರು ಗಾಬರಿಯಿಂದ ನೋಡಿದರು. ರಂಗನಾಯಕಿ ಓಡಿಬಂದು ಮಗಳ ತೋಳು ಹಿಡಿದು, ಮುಖಕ್ಕೆ ಮುಖ ಕೊಟ್ಟು ನಿಧಾನವಾಗಿ ಹೇಳಿದರು: "ಮಾವ ತೀರ್ಕೊಂಡ್ರು ಕಣೇ. ಹೋದ ತಿಂಗಳು. ನನಗೂ ಇಲ್ಲಿಗೆ ಬಂದ್ಮೇಲೇ ಗೊತ್ತಾಗಿದ್ದು."

ಆಮೇಲೆ ಊಟದ ಪಂಕ್ತಿಯಲ್ಲಿ ಯಾರೋ ಪಿಸುಗುಟ್ಟಿದ್ದು, ಯಾರೋ ಕನಿಕರದಿಂದ ಎಲೆಗೆ ಇನ್ನೊಂದು ಹೋಳಿಗೆ ಬಡಿಸಿದ್ದು, ಯಾವುದೂ ಅವಳಿಗೆ ಕೇಳಿಸಲಿಲ್ಲ. ಎಲ್ಲವೂ ಕಾಣಿಸಿತು.

ಮನೆಗೆ ಬಂದು ಸೀರೆಯಲ್ಲೇ ಲ್ಯಾಪ್‌ಟಾಪ್ ತೆರೆದಳು. ಗೆರೆಗಳು ಅವಳು ಇಟ್ಟ ಜಾಗದಲ್ಲಿರಲಿಲ್ಲ. ಮಿತಿಯ ಗೆರೆಯಂತೂ ತುಂಬಾ ಕೆಳಗೆ ಬಂದಿತ್ತು.

ಲಿಖಿತ್ ಸಂಜೆ ತಾನಾಗಿಯೇ ಬಂದ. "ಹೇಗಾಯ್ತು ಫಂಕ್ಷನ್?"

"ನನ್ನ ಸೆಟ್ಟಿಂಗ್ ಮುಟ್ಟಿದ್ರಾ?"

ಅವನು ಸುಳ್ಳು ಹೇಳಲಿಲ್ಲ. "ಹೂಂ. ಅದು ತುಂಬಾ ಜಾಸ್ತಿ ಇತ್ತು, ನಿಮ್ಮ ಒಳ್ಳೇದಕ್ಕೇ…"

"ಒಳ್ಳೇದಕ್ಕೆ!" ಮೈತ್ರೇಯಿ ಎದ್ದು ನಿಂತಳು. "ಎಲ್ಲರೂ ಹೇಳೋದು ಅದೇ. ನನ್ನ ಒಳ್ಳೇದಕ್ಕೆ ಫೋನ್ ಅವರೇ ಮಾತಾಡ್ತಾರೆ, ನನ್ನ ಒಳ್ಳೇದಕ್ಕೆ ಹೋಟೆಲಲ್ಲಿ ಆರ್ಡರ್ ಅವರೇ ಹೇಳ್ತಾರೆ. ಇದೊಂದು ನನ್ನ ಕೈಯಲ್ಲಿತ್ತು ಲಿಖಿತ್. ಇದೊಂದೇ! ನನ್ನ ಕಿವಿ ಅದು. ಒಂದು ಮಾತು ಕೇಳೋಕಾಗ್ಲಿಲ್ವಾ?"

"ಹೇಳಿದ್ದೆ, ನೀವು ಬೇಡ ಅಂದ್ರಿ…"

"ಬೇಡ ಅಂದ್ರೆ ಬೇಡ ಅಂತ ಅರ್ಥ! ಇವತ್ತು ಗಂಡ ಸತ್ತ ಹೆಂಗಸಿಗೆ 'ಸಂತೋಷ' ಅಂತ ಹೇಳಿ ಬಂದಿದೀನಿ, ಗೊತ್ತಾ ನಿಮಗೆ? ನನಗೆ ಸರಿಯಾಗಿ ಕೇಳಿಸಿದ್ರೆ ನಿಮ್ಮ ಅವಶ್ಯಕತೆ ಇರಲ್ಲ ಅಂತ ಭಯ ಆಯ್ತಾ? ಅದಕ್ಕೇ ತಾನೇ ಇಳಿಸಿದ್ದು!"

ಅವನು ಹೊಡೆತ ತಿಂದವನಂತೆ ನೋಡಿದ. ಏನೋ ಹೇಳಲು ಬಾಯಿ ತೆರೆದ.

ಮೈತ್ರೇಯಿ ಎರಡೂ ಏಡು ಕಿತ್ತು ಮೇಜಿನ ಮೇಲಿಟ್ಟಳು. ಅವನ ತುಟಿ ಅಲ್ಲಾಡುತ್ತಲೇ ಇತ್ತು. ಅದನ್ನೂ ಓದಬಾರದೆಂದು ಕಣ್ಣು ಮುಚ್ಚಿಕೊಂಡುಬಿಟ್ಟಳು.

ಕತ್ತಲು, ಅದರೊಳಗೆ ನಿಶ್ಶಬ್ದ. ಅವಳ ಹತ್ತಿರ ಇದ್ದ ಒಂದೇ ಬಾಗಿಲು ಅದು. ಅವನ ಮುಖದ ಮೇಲೇ ಹಾಕಿಕೊಂಡಳು.

ಕಣ್ಣು ತೆರೆದಾಗ ಕೋಣೆ ಖಾಲಿಯಾಗಿತ್ತು.

ಭಾನುವಾರ ಬಂತು, ಲಿಖಿತ್ ಬರಲಿಲ್ಲ. ಮತ್ತೊಂದು ಬಂತು. ಮೈತ್ರೇಯಿ ಹಟದಿಂದ ಗೆರೆಗಳನ್ನು ಮೊದಲಿನಷ್ಟೇ ಮೇಲಕ್ಕೆ ಏರಿಸಿಕೊಂಡಳು. ಈಗ ಎಲ್ಲವೂ ಕೇಳಿಸುತ್ತಿತ್ತು. ಮಿಷನ್ನಿನ ಸದ್ದು, ಹಾರ್ನು, ಪಕ್ಕದ ಮನೆಯ ಕುಕ್ಕರು. ಇಡೀ ಬೆಂಗಳೂರು ಅವಳ ಕಿವಿಯೊಳಗೆ ಬಂದು ಕೂತಿತ್ತು. ಬೇಕಾದ ಒಂದು ದನಿಯನ್ನು ಬಿಟ್ಟು!

ಬಸ್ಸಿನಲ್ಲಿ ಹಿಂದಿನ ಸೀಟಿನಿಂದ ಯಾರೋ ಮಾತಾಡುವ ಮುಂಚೆ ಉಸಿರೆಳೆದುಕೊಂಡರೆ ಸರಕ್ಕನೆ ತಿರುಗುತ್ತಿದ್ದಳು. ಯಾರೋ ಬೇರೆ. ಗಾಂಧಿ ಬಜಾರಿಗೆ ಹೂವಿಗೆ ಹೋದರೆ ಅವನು ನಿಲ್ಲುತ್ತಿದ್ದ ಮೂಲೆಯ ಕಡೆ ಕಣ್ಣು ತಾನಾಗಿಯೇ ಹೋಗುತ್ತಿತ್ತು. ಫೋನ್ ಕೈಗೆತ್ತಿಕೊಳ್ಳುವಳು, ಅವನ ಹೆಸರಿನ ಮೇಲೆ ಬೆರಳಿಡುವಳು, ತೆಗೆಯುವಳು.

'ಅವತ್ತು ಏನು ಹೇಳ್ತಿದ್ದ? ಯಾಕೆ ಕಣ್ಣು ಮುಚ್ಕೊಂಡೆ ನಾನು?'

"ಆ ಹುಡುಗ ಯಾಕೆ ಬರ್ತಿಲ್ಲ?" ಒಂದು ದಿನ ರಂಗನಾಯಕಿ ಕೇಳಿಯೇ ಬಿಟ್ಟರು.

"ಕೆಲಸ ಇರುತ್ತಮ್ಮ."

"ನಿನಗೆ ಕಿವಿ ಕೇಳಿಸಲ್ಲ. ನನಗೆ ಕಣ್ಣು ಕಾಣಿಸುತ್ತೆ ಕಣೇ," ಎಂದು ಅವರು ಅಡುಗೆಮನೆಗೆ ಹೋದರು.

ಬೇಸಿಗೆ ಕಾಲಿಡುವ ಹೊತ್ತಿಗೆ ಅವಳ ಎಡಗಿವಿಯಲ್ಲಿ ಒಂದು ಶಿಳ್ಳೆ ಹುಟ್ಟಿಕೊಂಡಿತು. ಏಡ್ ತೆಗೆದರೂ ಹೋಗದ ಶಿಳ್ಳೆ. ಸಣ್ಣಗೆ ಭಯವಾಯಿತು. ಮಲ್ಲೇಶ್ವರಂನಲ್ಲಿ ಆರಾಧನಾ ಎಂಬ ಶ್ರವಣ ತಜ್ಞೆ ಇದ್ದಾರೆ, ಬೈಯುವುದಿಲ್ಲ ಎಂದು ಯಾರೋ ಹೇಳಿದ್ದರಿಂದ ಅಲ್ಲಿಗೆ ಹೋದಳು.

ಆರಾಧನಾ ನಿಜಕ್ಕೂ ಬೈಯಲಿಲ್ಲ. ಮೈತ್ರೇಯಿ ತಂದಿದ್ದ ಲ್ಯಾಪ್‌ಟಾಪ್ ತಿರುಗಿಸಿಕೊಂಡು ಬಹಳ ಹೊತ್ತು ನೋಡಿದರು. "ನೀವೇ ಮಾಡ್ಕೊಂಡಿದ್ದಾ? ಚೆನ್ನಾಗಿ ಮಾಡಿದೀರಿ. ನಿಜ ಹೇಳ್ಬೇಕಂದ್ರೆ ಮಾತಿನ ಭಾಗ ನಾನು ಮಾಡಿದ್ರೂ ಇಷ್ಟು ಹದ ಬರ್ತಿರ್ಲಿಲ್ಲ. ಆದ್ರೆ…" ಬೆರಳು ಎಲ್ಲಕ್ಕಿಂತ ಮೇಲಿನ ಗೆರೆಯ ಮೇಲೆ ನಿಂತಿತು. "ಇದು ಅಪಾಯ ಮೈತ್ರೇಯಿ. ಎಡಗಿವಿ ಆಗ್ಲೇ ಸ್ವಲ್ಪ ಇಳಿದಿದೆ. ಹೀಗೇ ಬಿಟ್ರೆ ಉಳಿದಿರೋದೂ ಹೋಗುತ್ತೆ. ಇದನ್ನ ನಿಮಗೆ ಯಾರೂ ಹೇಳ್ಲಿಲ್ವಾ?"

ಮೈತ್ರೇಯಿ ಆ ಗೆರೆಯನ್ನೇ ನೋಡಿದಳು. "ಹೇಳಿದ್ರು… ನಾನು ಕೇಳ್ಲಿಲ್ಲ."

ಆರಾಧನಾ ಪಕ್ಕದಲ್ಲಿ ಕೂತು ತೋರಿಸಿಕೊಟ್ಟರು. ಮಿತಿ ಎಲ್ಲಿರಬೇಕು, ಅದನ್ನು ಇಳಿಸಿದಾಗ ಮಾತು ಮಸುಕಾಗದಂತೆ ಉಳಿದ ಗೆರೆಗಳನ್ನು ಹೇಗೆ ಹೊಂದಿಸಬೇಕು ಎಂದು. ಆದರೆ ಗುಂಡಿ ಒತ್ತಿದ್ದು ಮೈತ್ರೇಯಿಯೇ. ಇಳಿದ ಗೆರೆ ಬಂದು ನಿಂತ ಜಾಗ ಹೆಚ್ಚುಕಡಿಮೆ ಲಿಖಿತ್ ಇಟ್ಟಿದ್ದ ಜಾಗವೇ ಆಗಿತ್ತು. ಉಳಿದವನ್ನು ಹೊಂದಿಸುವುದು ಅವನಿಗೆ ಗೊತ್ತಿರಲಿಲ್ಲ, ಅಷ್ಟೇ.

ಮನೆಗೆ ಬರುವಾಗ ಸಂಪಿಗೆ ರಸ್ತೆಯ ಮರಗಳ ಕೆಳಗೆ ನಿಧಾನವಾಗಿ ನಡೆದಳು. ಅವನು ಕೇಳದೆ ಮುಟ್ಟಿದ್ದು ತಪ್ಪು. ಆ ವಿಷಯದಲ್ಲಿ ಅವಳ ಮನಸ್ಸು ಈಗಲೂ ಅಲುಗಲಿಲ್ಲ. ಆದರೆ ಅವಳು ಅಂದ ಕೊನೆಯ ಮಾತು? 'ನನಗೆ ಕೇಳಿಸಿದ್ರೆ ನಿಮ್ಮ ಅವಶ್ಯಕತೆ ಇರಲ್ಲ ಅಂತ ಭಯ ಆಯ್ತಾ?' ಛೆ! ವಾರವಾರವೂ ಶಬ್ದ ಹೊತ್ತು ತಂದವನಿಗೆ ಅಂಥ ಮಾತು…

ಹೋಗಿ ಮಾತಾಡಬೇಕು ಅನ್ನಿಸಿತು. ಯಾವ ಮುಖ ಇಟ್ಟುಕೊಂಡು ಹೋಗಲಿ ಅನ್ನಿಸಿತು. ಹೀಗೇ ಒಂದಷ್ಟು ದಿನ ಕಳೆದವು.

ಆಮೇಲೊಂದು ಮಧ್ಯಾಹ್ನ ಅಂಗಡಿಯಲ್ಲಿ ಹೊಸ ಲಗ್ನಪತ್ರಿಕೆಯ ವಿವರ ಅವಳ ಮೇಜಿಗೆ ಬಂತು. ಅಕ್ಷರ ಜೋಡಿಸುತ್ತಾ ಬಂದವಳ ಕೈ ಗಕ್ಕನೆ ನಿಂತಿತು.

ಚಿ. ರಾ. ಲಿಖಿತ್.

ಪರದೆಯ ಮೇಲಿನ ಹೂಬಳ್ಳಿ, ಗಣಪತಿ, ಬಂಗಾರದ ಅಂಚು ಎಲ್ಲ ಕಲಸಿದಂತಾದವು. 'ಮುಗೀತಾ? ಇಷ್ಟು ಬೇಗನಾ? ನನ್ನ ಕೈಯಿಂದಲೇ ಇದನ್ನ ಮಾಡಿಸ್ಬೇಕಾ ದೇವರೇ…' ಕೆಳಗಿನ ಸಾಲು ಓದಲು ಧೈರ್ಯವೇ ಬರಲಿಲ್ಲ. ಕೊನೆಗೆ ಓದಿದಳು. ಶ್ರೀಮತಿ ಬಿಂದು ಮತ್ತು ಶ್ರೀ ಅನಿಲ್ ಕುಮಾರ್ ಅವರ ಸುಪುತ್ರ.

ಪುಟ್ಟಯ್ಯನವರ ಮಗನಲ್ಲ, ಬೇರೆ ಯಾರೋ! ಬೇರೆ ಯಾವನೋ ಲಿಖಿತ್!

ಕಣ್ಣೀರು ಕೀಲಿಮಣೆಯ ಮೇಲೆ ಬಿತ್ತು. ಪಕ್ಕದವರು "ಏನಾಯ್ತು ಮೈತ್ರೇಯಿ?" ಅಂದಾಗ "ಏನಿಲ್ಲ, ಒಂದು ಅಕ್ಷರ ತಪ್ಪಾಗಿತ್ತು" ಎಂದು ಎದ್ದುನಿಂತಳು. ಬ್ಯಾಗ್ ತೆಗೆದುಕೊಂಡಳು. ಇವತ್ತು ಹೋಗದಿದ್ದರೆ ಇನ್ನು ಯಾವತ್ತೂ ಇಲ್ಲ.

ವಿಶ್ವೇಶ್ವರಪುರಂನ ಮೈಕ್‌ಸೆಟ್ ಅಂಗಡಿಯ ಮುಂದೆ ಲಿಖಿತ್‌ನ ತಾಯಿ ಮುನಿಲಕ್ಷ್ಮಮ್ಮ ಮೊರದಲ್ಲಿ ರಾಗಿ ಕೇರುತ್ತಿದ್ದರು. ಅವಳ ಕಿವಿಯ ಹಿಂದಿನ ಯಂತ್ರವನ್ನು ನೋಡಿದ್ದೇ ಮೊರ ಕೆಳಗಿಟ್ಟರು.

"ನೀನೇನಾ ಆ ಮಗಾ? ಚಾಮರಾಜಪೇಟೆಯೋಳು?"

"ಹೂಂ ಅಮ್ಮ…"

"ಏನ್ ಮಾಡ್ದೆ ತಾಯಿ ನನ್ ಮಗಂಗೆ? ಕಿವಿಗೆ ಅದೇನೋ ಮೇಣದುಂಡೆ ತುರುಕ್ಕೊಂಡು ಓಡಾಡ್ತಿದ್ದ. ನಾನ್ ಕರೆದ್ರೆ ಓ ಅನ್ನಲ್ಲ, ಅನ್ನ ಬೇಕಾ ಅಂದ್ರೆ ನಾಳೆ ಹೋಯ್ತೀನಿ ಅಂತಾನೆ! ಹುಚ್ಚು ಹಿಡೀತೇನೋ ಅಂತ ಕಿತ್ತು ಬಿಸಾಕ್ದೆ. 'ಅವ್ಳಿಗೆ ಹೆಂಗಿರುತ್ತೆ ನೋಡ್ತಿದೀನಿ ಕಣಮ್ಮ' ಅಂದ. ನಂಗಂತೂ ಅರ್ಥ ಆಗ್ಲಿಲ್ಲ."

ಮೈತ್ರೇಯಿಗೆ ಅರ್ಥವಾಯಿತು. "ಈಗ ಎಲ್ಲಿದ್ದಾರೆ ಅಮ್ಮ?" ಎಂದಳು.

"ವೈಯಾಲಿಕಾವಲ್‌ನಲ್ಲಿ ಮದ್ವೆ ಛತ್ರಕ್ಕೆ ಸೌಂಡ್ ಕಟ್ಟೋಕ್ ಹೋಗವ್ನೆ. ಹೋಗ್ ಮಾತಾಡು. ಸಂಜೆ ಇಬ್ರೂ ಉಣ್ಣಕ್ಕೆ ಬಂದ್ಬಿಡಿ," ಎಂದು ಮುನಿಲಕ್ಷ್ಮಮ್ಮ ಮತ್ತೆ ಮೊರ ಎತ್ತಿಕೊಂಡರು.

ಆಟೋದಲ್ಲಿ ಬಲಗಿವಿಯ ಏಡ್ ಟಿಣ್ ಟಿಣ್ ಎಂದು ಎಚ್ಚರಿಸಿ ನಿಂತುಹೋಯಿತು. ಬ್ಯಾಟರಿ! ಬದಲಿ ಬ್ಯಾಟರಿ ಅವಳ ಕೆಲಸದ ಮೇಜಿನಲ್ಲೇ ಉಳಿದಿತ್ತು. ಎರಡನ್ನೂ ಒಂದೇ ದಿನ ಹಾಕಿದ್ದಳು. 'ಎಡಗಡೆಯದೇ, ಸ್ವಲ್ಪ ಹೊತ್ತು ತಡ್ಕೋ…' ಎಂದು ಬೇಡಿಕೊಂಡಳು.

ಛತ್ರದೊಳಗೆ ಕುರ್ಚಿಗಳ ಸಾಲು ಖಾಲಿಯಿತ್ತು. ಮಂಟಪಕ್ಕೆ ಇಬ್ಬರು ಸೇವಂತಿಗೆ ಕಟ್ಟುತ್ತಿದ್ದರು. ಲಿಖಿತ್ ವೈರು ಸುತ್ತುತ್ತಾ ಬೆನ್ನು ಹಾಕಿ ಕೂತಿದ್ದ. ತೆಳ್ಳಗಾಗಿದ್ದ. ಅವಳ ಹೆಜ್ಜೆ ಸದ್ದಿಗೆ ತಿರುಗಿದವನು ಹಾಗೆಯೇ ಎದ್ದು ನಿಂತ.

"ಮೈತ್ರೇಯಿ!"

ಎಷ್ಟು ಕಾಲವಾಗಿತ್ತು ಆ ದನಿ ಕೇಳಿ… ಅವಳು ಕುರ್ಚಿಯ ಬೆನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಆ ಗೆರೆ ಇಳಿಸ್ದೆ ಲಿಖಿತ್. ನಾನೇ. ನೀವು ಹೇಳಿದ್ದು ಸರಿಯಿತ್ತು. ಎಡಗಿವಿ ಸ್ವಲ್ಪ ಹೋಗಿದೆ."

ಅವನ ಮುಖ ಬಿಳಿಚಿತು. "ಎಷ್ಟು? ಈಗ ಹೇಗಿದೆ? ನೋವಿದೆಯಾ?"

"ಪರವಾಗಿಲ್ಲ, ಇನ್ನು ಇಳಿಯಲ್ವಂತೆ. ಅವತ್ತು ನಾನು ಆಡಿದ ಮಾತು… ಅದು ತಪ್ಪು. ನೀವು ಅಂಥವರಲ್ಲ ಅಂತ ಗೊತ್ತಿದ್ದೂ ಅಂದೆ."

"ಇಲ್ಲ." ಅವನು ತಲೆಯಾಡಿಸಿದ. "ನಾನು ಸರಿ ಇದ್ದೆ ಅನ್ನೋದು ಬೇರೆ. ನಿಮ್ಮನ್ನ ಕೇಳದೆ ಮುಟ್ಟಿದ್ದು ಬೇರೆ. ಮೇಣ ಹಾಕ್ಕೊಂಡು ಸುಮ್ನೆ ಒಂದು ವಾರ ಓಡಾಡ್ದೆ. ಅಂಗಡೀಲಿ ಒಬ್ಬ ನನ್ನ ಪರವಾಗಿ ತಾನೇ ಮಾತಾಡಿ, ತಾನೇ ತೀರ್ಮಾನ ಮಾಡ್ಬಿಟ್ಟ. ಅವನನ್ನ ಹೊಡೀಬೇಕು ಅನ್ನಿಸ್ತು. ಆಗ ಗೊತ್ತಾಯ್ತು, ನಾನು ನಿಮಗೆ ಮಾಡಿದ್ದೂ ಅದೇ. ಕ್ಷಮಿಸಿ ಅಂತ ಕೇಳೋಕೂ ನಾಚಿಕೆ ಆಗಿ ದೂರ ಉಳಿದ್ಬಿಟ್ಟೆ."

"ಅವತ್ತು ನಾನು ಕಣ್ಣು ಮುಚ್ಕೊಂಡಾಗ ಏನು ಹೇಳಿದ್ರಿ?"

"ಬೈಕೊಂಡೆ. ನನ್ನನ್ನೇ." ಸ್ವಲ್ಪ ನಕ್ಕ. ಮತ್ತೆ ಗಂಭೀರನಾದ. ಹತ್ತಿರ ಬಂದ, ಮುಟ್ಟಲಿಲ್ಲ. "ಈಗ ಒಂದು ಕೇಳ್ಲಾ? ಕೇಳಿಯೇ ಮಾಡೋಣ ಅಂತ. ಮೈತ್ರೇಯಿ, ನನಗೆ…"

ಟಿಣ್. ಟಿಣ್. ನಿಶ್ಶಬ್ದ.

ಅವನ ತುಟಿ ಅಲ್ಲಾಡುತ್ತಿತ್ತು. ಕಣ್ಣು ತುಂಬಿಕೊಂಡಿದ್ದ ಅವಳಿಗೆ ಅದೂ ಮಂಜುಮಂಜು. ಮೈತ್ರೇಯಿ ಗಾಬರಿಯಿಂದ ಕೈಯೆತ್ತಿದಳು. "ನಿಲ್ಸಿ, ನಿಲ್ಸಿ! ಬ್ಯಾಟರಿ ಹೋಯ್ತು! ಎರಡೂ!"

ಲಿಖಿತ್ ಕಂಗಾಲಾದ. ತನ್ನ ಎದೆ ತೋರಿಸಿದ, ಅವಳ ಕಿವಿ ತೋರಿಸಿದ, ಎಲ್ಲಿಯವರೆಗೆ ಕೇಳಿಸಿತು ಎಂದು ಕೈಯಲ್ಲೇ ಕೇಳಿದ.

"'ನನಗೆ' ತನಕ," ಎಂದಳು, ಕಣ್ಣೊರೆಸಿಕೊಳ್ಳುತ್ತಾ.

ಅವನು ಬೆಳಕಿರುವ ಕಡೆ ಮುಖ ತಿರುಗಿಸಿ ನಿಂತ. ಅವಳು ಈ ಸಲ ಕಣ್ಣು ಮಿಟುಕಿಸಲೂ ಇಲ್ಲ. ಅವನ ತುಟಿ ಒಂದೊಂದೇ ಪದವನ್ನು ನಿಧಾನವಾಗಿ ಕಟ್ಟಿತು.

'ನನಗೆ… ನೀನು… ಬೇಕು. ನಿನಗೆ?'

ನೀವು ಅನ್ನಲಿಲ್ಲ, ನೀನು ಅಂದಿದ್ದ! ಅವಳ ಎದೆಯೊಳಗೆ ತಿಂಗಳುಗಟ್ಟಲೆ ಅದುಮಿಟ್ಟಿದ್ದೆಲ್ಲ ಒಟ್ಟಿಗೆ ಮೇಲೆದ್ದು ಬಂತು. ಏಡ್ ಇಲ್ಲದಾಗ ತನ್ನ ದನಿ ಎಷ್ಟು ದೂರ ಹೋಗುತ್ತದೆಂಬ ಅಂದಾಜು ಅವಳಿಗೆ ಯಾವತ್ತೂ ಸಿಗುತ್ತಿರಲಿಲ್ಲ.

"ನನಗೂ ನೀನೇ ಬೇಕು ಲಿಖಿತ್! ಎಷ್ಟು ದಿನದಿಂದ ಬೇಕು ಗೊತ್ತಾ!"

ಖಾಲಿ ಛತ್ರವೆಲ್ಲ ಮೊಳಗಿತು. ಸೇವಂತಿಗೆ ಕಟ್ಟುತ್ತಿದ್ದವರ ಕೈ ನಿಂತಿತು. ಅಡುಗೆಮನೆಯ ಬಾಗಿಲಲ್ಲಿ ಸೌಟು ಹಿಡಿದ ಇಬ್ಬರು ಇಣುಕಿದರು. ಲಿಖಿತ್ ನಗುತ್ತಿದ್ದ, ಕಣ್ಣಲ್ಲಿ ನೀರಿತ್ತು.

ಅವಳು ಬಾಯಿಗೆ ಕೈಯಿಟ್ಟುಕೊಂಡಳು. "ಅಯ್ಯೋ… ಜೋರಾಗಿ ಹೇಳಿದ್ನಾ?"

ಅವನು ತಲೆಯಾಡಿಸುತ್ತಾ, ಓದಲು ಸುಲಭವಾಗುವಂತೆ ಬಿಡಿಸಿ ಬಿಡಿಸಿ ಹೇಳಿದ: 'ವೈಯಾಲಿಕಾವಲ್ ಪೂರ್ತಿ ಕೇಳಿಸ್ತು.'

"ಕೇಳಿಸ್ಲಿ ಬಿಡು," ಎಂದಳು ಮೈತ್ರೇಯಿ, ಅಷ್ಟೇ ಜೋರಾಗಿ.